ಮೈನಿಂಗ್ ಶೇರಿಗೆ ಎಷ್ಟು ಬೆಲೆ ಕೊಡ್ಬಹುದು: ಹಣದುಬ್ಬರ ಸೇರಿಸಿದ ಹತ್ತು ವರ್ಷದ ಸರಾಸರಿ ಲಾಭದ ಲೆಕ್ಕ, ಹಂತ ಹಂತವಾಗಿ

ಮೈನಿಂಗ್ ಕಂಪನಿಯ ಪಿಇ, ಅಂದ್ರೆ ಶೇರಿನ ಬೆಲೆ ಒಂದು ಶೇರಿನ ವರ್ಷದ ಲಾಭದ ಎಷ್ಟು ಪಟ್ಟು ಅನ್ನೋದು, ಅತಿ ಕಮ್ಮಿ ಕಾಣೋದು ಲಾಭ ತುತ್ತತುದಿಯಲ್ಲಿರುವಾಗ, ಅತಿ ಜಾಸ್ತಿ ಕಾಣೋದು ಅಥವಾ ಪಿಇ ಅನ್ನೋದೇ ಇಲ್ಲದಂಗಾಗೋದು ನಷ್ಟದ ವರ್ಷದಲ್ಲಿ. ಹಂಗಾಗಿ ಒಂದು ವರ್ಷದ ಲಾಭ ನೋಡಿ ತಗೊಂಡೋರು ಸರಿಯಾಗಿ ಉಲ್ಟಾ ಟೈಮಲ್ಲೇ ತಗೊಳ್ತಾರೆ. ಇದು ಗೊತ್ತಾದ ಮೇಲೆ ಎಲ್ರೂ ಹತ್ತು ವರ್ಷದ ಸರಾಸರಿಗೆ ಬರ್ತಾರೆ, ಹಣದುಬ್ಬರನೂ ಸೇರಿಸ್ತಾರೆ, ಅಲ್ಲೀವರೆಗೂ ಸರಿ. ಆದ್ರೂ ಉತ್ತರ ತಪ್ಪಾಗುತ್ತೆ, ಯಾಕಂದ್ರೆ ಹತ್ತು ನಂಬರ್ ಕೂಡಿ ಹತ್ತರಿಂದ ಭಾಗಿಸೋದು ಐದು ನಿಮಿಷದ ಕೆಲಸ, ಆ ಹತ್ತೂ ನಂಬರ್ ಇವತ್ತು ನೀವು ಕೊಳ್ತಿರೋ ಕಂಪನಿಯದ್ದೇನಾ ಅಂತ ನೋಡೋದೇ ನಿಜವಾದ ಕೆಲಸ, ಅದನ್ನ ಬಿಟ್ಟುಬಿಡ್ತಾರೆ. ಹತ್ತು ವರ್ಷದ ಹಿಂದಿನ ಗಣಿಗಳು ಬೇರೆ ಇರಬಹುದು, ಶೇರುಗಳು ಇವತ್ತಿನ ಅರ್ಧದಷ್ಟೇ ಇದ್ದಿರಬಹುದು, ಅದಿರು ಆಗ ಇದ್ದಷ್ಟು ಈಗ ಇಲ್ಲದೇ ಇರಬಹುದು.

ಕೆಳಗಿರೋ ಹಂತಗಳ ಆರ್ಡರ್ ಬದಲಿಸ್ಬೇಡಿ. ಹಣದುಬ್ಬರದ ಲೆಕ್ಕ ಆರನೇ ಹಂತದಲ್ಲಿ ಬರುತ್ತೆ, ಮೊದಲು ಅದನ್ನೇ ಮಾಡ್ಕೊಂಡು ಆಮೇಲೆ ಲಾಭ ತಿದ್ದೋಕೆ ಹೋದ್ರೆ ಯಾವ ನಂಬರ್ ಯಾವ ವರ್ಷದ ಡಾಲರ್‌ನಲ್ಲಿದೆ ಅನ್ನೋದೇ ಕಲಸಿಹೋಗುತ್ತೆ.

## ಈ ಲೆಕ್ಕ ಯಾವ ಕಂಪನಿಗೆ ಆಗಲ್ಲ

ಇನ್ನೂ ಅದಿರು ಹುಡುಕ್ತಾ ಇರೋ ಎಕ್ಸ್‌ಪ್ಲೋರೇಶನ್ ಕಂಪನಿಗೆ ಲಾಭವೇ ಇಲ್ಲ, ಸರಾಸರಿ ಎಲ್ಲಿಂದ ಬರಬೇಕು, ಅದನ್ನ ಬಿಟ್ಟುಬಿಡಿ. ಗಣಿ ಶುರುವಾಗಿ ಏಳೆಂಟು ವರ್ಷ ಆಗಿರದ ಕಂಪನಿಗೂ ಬೇಡ. ಲಿಥಿಯಂನಂಥ ಲೋಹ ಇನ್ನೊಂದು ಥರದ ಕಷ್ಟ: ಅದರ ಮಾರ್ಕೆಟ್ಟೇ ಕೆಲವೇ ವರ್ಷದಲ್ಲಿ ಪೂರ್ತಿ ಬದಲಾಗಿದೆ, 2022ರಲ್ಲಿ ಬೆಲೆ ಆಕಾಶಕ್ಕೆ ಹೋಗಿ ಮುಂದಿನ ವರ್ಷವೇ ಕುಸೀತು, ಅಲ್ಲಿ ಹತ್ತು ವರ್ಷದ ಸರಾಸರಿ ಅಂದ್ರೆ ಎರಡು ಬೇರೆ ಬೇರೆ ಕಾಲವನ್ನ ಕೂಡಿಸಿದಂಗೆ.

ಈ ಲೆಕ್ಕ ಚೆನ್ನಾಗಿ ಕೆಲಸ ಮಾಡೋದು ತಾಮ್ರ, ಕಬ್ಬಿಣದ ಅದಿರು, ಚಿನ್ನ, ಸತು, ಕಲ್ಲಿದ್ದಲು ತೆಗೆಯೋ, ಕಮ್ಮಿ ಅಂದ್ರೂ ಹತ್ತು ವರ್ಷ ಉತ್ಪಾದನೆ ಮಾಡಿರೋ, ಇನ್ನೂ ಹತ್ತು ಹದಿನೈದು ವರ್ಷಕ್ಕೆ ಅದಿರಿರೋ ಕಂಪನಿಗೆ.

## ಏನೇನು ಇಟ್ಕೊಂಡು ಕೂತ್ಕೋಬೇಕು

ಕಂಪನಿಯ ಹತ್ತು ವರ್ಷದ ವಾರ್ಷಿಕ ವರದಿಗಳು, ಸಾಧ್ಯ ಆದ್ರೆ ಹದಿನೈದು. ಪ್ರತಿ ವರ್ಷದ ಉತ್ಪಾದನೆ ಎಷ್ಟು ಟನ್ ಅಥವಾ ಔನ್ಸ್ ಅನ್ನೋ ವರದಿ. ಇತ್ತೀಚಿನ ರಿಸರ್ವ್ (ಲಾಭಕ್ಕೆ ತೆಗೀಬಹುದು ಅಂತ ಲೆಕ್ಕ ಹಾಕಿ ತೋರಿಸಿದ ಅದಿರು) ಮತ್ತು ರಿಸೋರ್ಸ್ (ನೆಲದಲ್ಲಿದೆ ಅಂತ ಅಂದಾಜಿಸಿದ್ದು, ಲಾಭಕ್ಕೆ ತೆಗೀಬಹುದು ಅಂತ ಇನ್ನೂ ಖಚಿತ ಆಗದ್ದು) ಹೇಳಿಕೆ, ಆಸ್ಟ್ರೇಲಿಯಾದಲ್ಲಿ ಜಾರ್ಕ್ ಕೋಡ್ ಪ್ರಕಾರ ಇರುತ್ತೆ, ಕೆನಡಾದಲ್ಲಿ ಎನ್‌ಐ 43-101 ಅನ್ನೋ ನಿಯಮದ ಪ್ರಕಾರ. ಕಂಪನಿ ಲೆಕ್ಕ ಇಡೋ ಕರೆನ್ಸಿಯ ದೇಶದ ಗ್ರಾಹಕ ಬೆಲೆ ಸೂಚ್ಯಂಕ, ಅಂದ್ರೆ ಸಿಪಿಐ. ಅಮೆರಿಕನ್ ಡಾಲರ್‌ನಲ್ಲಿ ಲೆಕ್ಕ ಇಡೋ ದೊಡ್ಡ ಕಂಪನಿಗಳು ತುಂಬಾ ಇವೆ, ಅವಕ್ಕೆ ಅಮೆರಿಕದ ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್ ಕೊಡೋ ಸಿಪಿಐ-ಯು ಸಾಕು, ಪುಕ್ಕಟೆ ಸಿಗುತ್ತೆ. ಮತ್ತೆ ಒಂದು ಸ್ಪ್ರೆಡ್‌ಶೀಟ್.

ಶೇರು ಮಾಹಿತಿ ಕೊಡೋ ಆಪ್‌ಗಳಲ್ಲಿ ಹತ್ತು ವರ್ಷದ ಇಪಿಎಸ್, ಅಂದ್ರೆ ಒಂದು ಶೇರಿಗೆ ಬಂದ ಲಾಭ, ರೆಡಿಯಾಗಿ ಕಾಣುತ್ತೆ. ಅದನ್ನ ತಾಳೆ ನೋಡೋಕೆ ಮಾತ್ರ ಬಳಸಿ. ಕಂಪನಿ ಹೊಂದಿಸಿ ತೋರಿಸಿದ ಇಪಿಎಸ್ ಒಂದು ವರ್ಷಕ್ಕೆ, ಶಾಸನಬದ್ಧ ಇಪಿಎಸ್ ಇನ್ನೊಂದು ವರ್ಷಕ್ಕೆ ಅಂತ ಮಿಕ್ಸ್ ಆಗಿರೋದು ಅಲ್ಲಿ ಮಾಮೂಲು.

## ಹಂತ 1: ಯಾವ ಹತ್ತು ವರ್ಷ?

ಅವಧಿಯೊಳಗೆ ಆ ಲೋಹದ ಒಂದು ತುದಿ ಮತ್ತು ಒಂದು ತಳ ಎರಡೂ ಇರಲೇಬೇಕು. ಕಬ್ಬಿಣದ ಅದಿರು 2011ರ ಶುರುವಲ್ಲಿ ಟನ್ನಿಗೆ 190 ಡಾಲರ್ ಹತ್ರ ಇತ್ತು, 2015ರ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗೆ ಬಂತು, 2021ರ ಮೇ ತಿಂಗಳಲ್ಲಿ 230 ದಾಟಿತು. ತಾಮ್ರ 2011ರಲ್ಲಿ 10 ಸಾವಿರ ಡಾಲರ್ ಮುಟ್ಟಿ, 2016ರ ಜನವರಿಯಲ್ಲಿ 4,500ಕ್ಕಿಂತ ಕೆಳಗಿಳಿದು, 2021ರಲ್ಲಿ ಮತ್ತೆ 10 ಸಾವಿರ ದಾಟಿತು. ಈಗ 2005ರಿಂದ 2014ರವರೆಗಿನ ಸರಾಸರಿ ತಗೊಂಡೋರನ್ನ ಯೋಚನೆ ಮಾಡಿ. 2008-09ರ ಒಂದು ಸಣ್ಣ ಗುಂಡಿ ಬಿಟ್ರೆ ಆ ಹತ್ತೂ ವರ್ಷ ಹೆಚ್ಚುಕಮ್ಮಿ ಏರುಗಾಲವೇ, ಸರಾಸರಿ ಅನ್ನೋ ಹೆಸರಲ್ಲಿ ಅವರ ಕೈಗೆ ಸಿಕ್ಕಿದ್ದು ಏರುಗಾಲದ ಲಾಭ. ಮುಂದಿನ ವರ್ಷವೇ 2015 ಬಂತು.

ಅದಕ್ಕೇ ಹತ್ತು ವರ್ಷ ಅನ್ನೋದನ್ನ ಮಂತ್ರ ಮಾಡ್ಕೋಬೇಡಿ. ಈ ಲೆಕ್ಕವನ್ನ ಜನಪ್ರಿಯ ಮಾಡಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಹತ್ತು ವರ್ಷ ಬಳಸಿದ್ದು ಇಡೀ ಶೇರು ಸೂಚ್ಯಂಕಕ್ಕೆ, ಅಲ್ಲಿ ಬಿಸಿನೆಸ್ ಸೈಕಲ್ ಅಷ್ಟರಲ್ಲಿ ಒಂದು ಸುತ್ತು ಬರುತ್ತೆ. ಲೋಹಗಳ ಸುತ್ತು ಅದಕ್ಕಿಂತ ಉದ್ದ ಇರೋದುಂಟು, ಹೊಸ ದೊಡ್ಡ ಗಣಿ ಹುಡುಕಿ ಪರ್ಮಿಟ್ ತಗೊಂಡು ಕಟ್ಟೋಕೇ ಹತ್ತಕ್ಕಿಂತ ಜಾಸ್ತಿ ವರ್ಷ ಹಿಡಿಯುತ್ತೆ. ನಿಮ್ಮ ಹತ್ತು ವರ್ಷದಲ್ಲಿ ತಳ ಇಲ್ಲ ಅಂದ್ರೆ ಹಿಂದಕ್ಕೆ ಹೋಗಿ ತಳ ಸಿಗೋವರೆಗೂ ಸೇರಿಸಿ, ಹದಿಮೂರು ಆಗಲಿ ಹದಿನೈದು ಆಗಲಿ.

ತಪ್ಪು ಹೆಚ್ಚಾಗಿ ಎಲ್ಲಿ: ಲಾಭ ಚೆನ್ನಾಗಿ ಕಾಣೋ ವರ್ಷದಿಂದ ಶುರು ಮಾಡೋದು. ಅವಧಿಯನ್ನ ಲೋಹದ ಬೆಲೆ ಚಾರ್ಟ್ ನೋಡಿ ಆರಿಸಿ, ಕಂಪನಿಯ ಲಾಭ ನೋಡೋ ಮೊದಲೇ.

## ಹಂತ 2: ಲಾಭ ಅಂದ್ರೆ ಯಾವ ಸಾಲು?

ಬೇಕಾಗಿರೋದು ಶೇರುದಾರರಿಗೆ ಸೇರಿದ ನಿವ್ವಳ ಲಾಭ. ಇಬಿಐಟಿಡಿಎ, ಅಂದ್ರೆ ಬಡ್ಡಿ, ತೆರಿಗೆ, ಸವಕಳಿ ಕಳೆಯೋ ಮುಂಚಿನ ಲಾಭ, ಬೇಡವೇ ಬೇಡ. ಗಣಿಯಲ್ಲಿ ಸವಕಳಿ ಅನ್ನೋದು ಕಾಗದದ ಮೇಲಿನ ಖರ್ಚಲ್ಲ, ಟ್ರಕ್ಕು ಸವೀತಾ ಇರುತ್ತೆ, ಗುಂಡಿ ಆಳ ಆಗ್ತಾ ಇರುತ್ತೆ, ಅದಿರು ಕಮ್ಮಿ ಆಗ್ತಾ ಇರುತ್ತೆ, ಅದನ್ನ ಬಿಟ್ಟು ಲಾಭ ಲೆಕ್ಕ ಹಾಕಿದ್ರೆ ಗಣಿ ಯಾವತ್ತೂ ಮುಗಿಯಲ್ಲ ಅಂತ ಒಪ್ಕೊಂಡಂಗೆ.

ಪಾಲುದಾರರ ಪಾಲು ಕಳೆದಿದ್ಯಾ ಅಂತ ಖಚಿತ ಮಾಡ್ಕೊಳ್ಳಿ. ದೊಡ್ಡ ಗಣಿಗಳು ಒಬ್ಬರದ್ದೇ ಆಗಿರೋದು ಅಪರೂಪ. ಚಿಲಿಯ ಎಸ್ಕೊಂಡಿಡಾ ತಾಮ್ರದ ಗಣಿಯಲ್ಲಿ ಬಿಎಚ್‌ಪಿ ಪಾಲು 57.5 ಶೇಕಡಾ, ರಿಯೋ ಟಿಂಟೋ ಪಾಲು 30. ಬಿಎಚ್‌ಪಿ ತನ್ನ ಲೆಕ್ಕದಲ್ಲಿ ಆ ಗಣಿಯ ಆದಾಯ ಪೂರ್ತಿ ತೋರಿಸಿ, ಕೆಳಗೆ ಬೇರೆಯವರ ಪಾಲು ಕಳೆಯುತ್ತೆ. ಮೇಲಿನ ಸಾಲು ತಗೊಂಡ್ರೆ ನಿಮ್ಮದಲ್ಲದ ತಾಮ್ರಕ್ಕೂ ನೀವು ಬೆಲೆ ಕಟ್ತೀರಿ.

ಹೆಡ್ಜಿಂಗ್‌ನಿಂದ (ಮುಂದಿನ ಮಾರಾಟಕ್ಕೆ ಬೆಲೆಯನ್ನ ಮೊದಲೇ ಕಟ್ಟಿಹಾಕೋದ್ರಿಂದ) ಬಂದ ಲಾಭ ನಷ್ಟ, ಆಸ್ತಿ ಮಾರಿದ ಲಾಭ, ಒಂದೇ ಸಲದ ತೆರಿಗೆ ಹೊಂದಾಣಿಕೆ ಇವನ್ನ ಪಕ್ಕದ ಕಾಲಮ್ಮಲ್ಲಿ ಬರೆದಿಡಿ, ಆಸ್ತಿ ಮಾರಿದ ಲಾಭ ಮಾತ್ರ ಕಳೀರಿ, ಉಳಿದವು ಹತ್ತು ವರ್ಷದಲ್ಲಿ ಅತ್ತಿತ್ತ ಆಗಿ ಸರಿಹೋಗ್ತವೆ.

## ಹಂತ 3: ಇಂಪೇರ್‌ಮೆಂಟ್ ವಾಪಸ್ ಸೇರಿಸ್ಬೇಕಾ?

ಬಹುತೇಕರು ಎಡವೋದು ಇಲ್ಲಿ, ಹಂಗಾಗಿ ನಿಧಾನಕ್ಕೆ ಓದಿ.

ಇಂಪೇರ್‌ಮೆಂಟ್ ಅಂದ್ರೆ ಗಣಿಗೆ ಹಾಕಿದ ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಾಗಿ ಪುಸ್ತಕದಲ್ಲಿ ಅದರ ಬೆಲೆ ಇಳಿಸೋದು. ಆ ವರ್ಷ ದೊಡ್ಡ ನಷ್ಟ ಕಾಣುತ್ತೆ. ಕಂಪನಿಗಳು ಇದು ನಗದು ಅಲ್ಲ, ಒಂದೇ ಸಲದ್ದು ಅಂತ ಹೇಳಿ, ಅದನ್ನ ತೆಗೆದು ಹಾಕಿದ ಲಾಭವನ್ನೇ ದಪ್ಪಕ್ಷರದಲ್ಲಿ ತೋರಿಸ್ತವೆ. ನಗದು ಅಲ್ಲ ನಿಜ, ಯಾಕಂದ್ರೆ ನಗದು ಅದಕ್ಕಿಂತ ಮುಂಚೆಯೇ ಹೋಗಿದೆ. ರಿಯೋ ಟಿಂಟೋ 2007ರಲ್ಲಿ ಆಲ್ಕನ್ ಕಂಪನಿಯನ್ನ ಸುಮಾರು 38 ಬಿಲಿಯನ್ ಡಾಲರ್ ಕೊಟ್ಟು ತಗೊಂಡು, ಆಮೇಲಿನ ವರ್ಷಗಳಲ್ಲಿ ಅದರ ದೊಡ್ಡ ಭಾಗವನ್ನ ರೈಟ್‌ಡೌನ್ ಮಾಡ್ತು. ಫ್ರೀಪೋರ್ಟ್-ಮೆಕ್‌ಮೊರಾನ್ 2013ರಲ್ಲಿ ತೈಲ ಮತ್ತು ಗ್ಯಾಸ್ ಕಂಪನಿಗಳನ್ನ ಕೊಂಡು, 2015ರಲ್ಲಿ 12 ಬಿಲಿಯನ್ ಡಾಲರ್‌ಗೂ ಮೀರಿದ ನಷ್ಟ ತೋರಿಸ್ತು. ಅದು ಶೇರುದಾರರ ದುಡ್ಡೇ.

ಇನ್ನೊಂದು ವಿಷಯ ಜನರ ಕಣ್ಣಿಗೆ ಬೀಳೋದೇ ಇಲ್ಲ. ಇಂಪೇರ್‌ಮೆಂಟ್ ಮಾಡಿದ ಮೇಲೆ ಗಣಿಯ ಪುಸ್ತಕದ ಬೆಲೆ ಕಮ್ಮಿ ಆಗುತ್ತೆ, ಬೆಲೆ ಕಮ್ಮಿ ಆದ್ರೆ ಮುಂದಿನ ಪ್ರತಿ ವರ್ಷದ ಸವಕಳಿ ಕಮ್ಮಿ, ಸವಕಳಿ ಕಮ್ಮಿ ಆದ್ರೆ ಮುಂದಿನ ಪ್ರತಿ ವರ್ಷದ ಲಾಭ ಜಾಸ್ತಿ. ಈಗ ನೀವು ಆ ನಷ್ಟವನ್ನ ತೆಗೆದುಹಾಕಿ, ಮುಂದಿನ ವರ್ಷಗಳ ಹೆಚ್ಚಾದ ಲಾಭವನ್ನ ಹಂಗೇ ಇಟ್ಕೊಂಡ್ರೆ ಒಂದೇ ಅನುಕೂಲವನ್ನ ಎರಡು ಸಲ ಎಣಿಸಿದಂಗಾಯ್ತು.

ನಿಯಮ ಇದು: ಇಂಪೇರ್‌ಮೆಂಟ್ ಒಳಗೇ ಇರಲಿ. ನಿಜವಾಗ್ಲೂ ಹೊರಗಿಡ್ಬೇಕು ಅನ್ನಿಸಿದ್ರೆ, ಉದಾಹರಣೆಗೆ ಆ ವ್ಯವಹಾರವನ್ನ ಕಂಪನಿ ಮಾರಿಬಿಟ್ಟಿದೆ ಅಂದ್ರೆ, ಎರಡು ಸರಾಸರಿ ತೆಗೀರಿ, ಒಂದು ಸೇರಿಸಿ, ಒಂದು ಬಿಟ್ಟು. ಬೆಲೆ ಕಟ್ಟೋದು ಕಮ್ಮಿ ಇರೋದ್ರ ಮೇಲೆ.

## ಹಂತ 4: ಹಳೇ ಲಾಭವನ್ನ ಇವತ್ತಿನ ಕಂಪನಿಗೆ ಹೊಂದಿಸೋದು

ಬಿಎಚ್‌ಪಿ 2015ರಲ್ಲಿ ಸೌತ್32 ಅನ್ನ ಬೇರೆ ಮಾಡ್ತು, 2022ರಲ್ಲಿ ಪೆಟ್ರೋಲಿಯಂ ವ್ಯವಹಾರವನ್ನ ವುಡ್‌ಸೈಡ್‌ಗೆ ಸೇರಿಸ್ತು. ಇವತ್ತು ಆ ಶೇರು ತಗೊಳ್ಳೋರಿಗೆ ಆ ತೈಲ ಸಿಗಲ್ಲ, ಆದ್ರೆ ಹಳೇ ಇಪಿಎಸ್‌ನಲ್ಲಿ ಅದು ಕೂತಿದೆ. ವಾರ್ಷಿಕ ವರದಿಯಲ್ಲಿ ವಿಭಾಗವಾರು ಲಾಭ ಕೊಡೋ ಸೆಗ್ಮೆಂಟ್ ಟಿಪ್ಪಣಿಯಿಂದ ಆ ವಿಭಾಗದ ಲಾಭವನ್ನ ವರ್ಷ ವರ್ಷಕ್ಕೂ ಕಳೀಬೇಕು.

ಇಲ್ಲಿ ಒಂದು ಬಲೆ ಇದೆ. ಕಂಪನಿಗಳು ಮುಂದುವರಿದ ವ್ಯವಹಾರ ಅಂತ ಬೇರೆ ಲಾಭ ತೋರಿಸ್ತವೆ, ಅದನ್ನೇ ಕಣ್ಣುಮುಚ್ಚಿ ತಗೊಂಡ್ರೆ ನಷ್ಟ ಮಾಡಿ ಮುಚ್ಚಿದ ಗಣಿಗಳೆಲ್ಲ ಇತಿಹಾಸದಿಂದ ಮಾಯ ಆಗ್ತವೆ. ನನ್ನ ಅಭಿಪ್ರಾಯ ಸ್ಪಷ್ಟ: ಬೇರೆ ಕಂಪನಿಯಾಗಿ ಶೇರುದಾರರ ಕೈಗೆ ಹೋದ ವ್ಯವಹಾರ ತೆಗೀರಿ, ನಷ್ಟ ಆಗಿ ಮುಚ್ಚಿದ ಗಣಿಯ ಲೆಕ್ಕ ಒಳಗೇ ಇರಲಿ. ಕೆಟ್ಟ ಗಣಿ ಕೊಳ್ಳೋದು ಆ ಮ್ಯಾನೇಜ್‌ಮೆಂಟಿನ ಅಭ್ಯಾಸ, ಅದಕ್ಕೂ ಒಂದು ಖರ್ಚಿದೆ.

ಉತ್ಪಾದನೆ ತುಂಬಾ ಬದಲಾಗಿದ್ರೆ ಇಪಿಎಸ್ ಸರಾಸರಿಯೇ ಅರ್ಥ ಕಳ್ಕೊಳ್ಳುತ್ತೆ. ಆಗ ಪ್ರತಿ ವರ್ಷದ ಲಾಭವನ್ನ ಆ ವರ್ಷದ ಟನ್ನಿನಿಂದ ಭಾಗಿಸಿ ಟನ್ನಿಗೆ ಎಷ್ಟು ಲಾಭ ಅಂತ ತೆಗೀರಿ, ಅದಕ್ಕೆ ಹಣದುಬ್ಬರ ಸೇರಿಸಿ ಸರಾಸರಿ ಮಾಡಿ, ಆಮೇಲೆ ಇವತ್ತಿನ ಉತ್ಪಾದನೆಯಿಂದ ಗುಣಿಸಿ. ಹತ್ತು ವರ್ಷದಲ್ಲಿ ಉತ್ಪಾದನೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿದ್ರೂ ಇಳಿದ್ರೂ ನಾನು ಈ ದಾರೀನೇ ಹಿಡೀತೀನಿ. ಮುಂದಿನ ವರ್ಷ ಶುರುವಾಗುತ್ತೆ ಅಂತ ಹೇಳ್ತಿರೋ ಗಣಿಯ ಟನ್ನುಗಳನ್ನ ಮಾತ್ರ ಸೇರಿಸ್ಬೇಡಿ.

## ಹಂತ 5: ಶೇರುಗಳ ಸಂಖ್ಯೆ

ಮೈನಿಂಗ್ ಕಂಪನಿಗಳು ಹೊಸ ಶೇರು ಬಿಡುಗಡೆ ಮಾಡೋದು ಹೆಚ್ಚಾಗಿ ಸಾಲ ಕುತ್ತಿಗೆಗೆ ಬಂದಾಗ, ಅಂದ್ರೆ ಶೇರಿನ ಬೆಲೆ ತಳದಲ್ಲಿರುವಾಗ. ಉದಾಹರಣೆಗೆ ಒಂದು ಕಂಪನಿಯ ಹತ್ರ 100 ಮಿಲಿಯನ್ ಶೇರಿತ್ತು, ಸಾಲ ತೀರಿಸೋಕೆ ಇನ್ನೂ 100 ಮಿಲಿಯನ್ ಬಿಡುಗಡೆ ಮಾಡ್ತು ಅಂದ್ಕೊಳ್ಳಿ. ಹಳೇ ವರ್ಷದ ಇಪಿಎಸ್ 4 ಡಾಲರ್ ಅಂತ ವರದಿಯಲ್ಲಿದೆ, ಆದ್ರೆ ಅದೇ ಲಾಭ ಇವತ್ತು ಬಂದ್ರೆ ಶೇರಿಗೆ ಸಿಗೋದು ಹತ್ತಿರತ್ತಿರ 2 ಡಾಲರ್, ಸಾಲ ತೀರಿದ್ದರಿಂದ ಉಳಿತಾಯ ಆದ ಬಡ್ಡಿ ಸೇರಿ ಸ್ವಲ್ಪ ಜಾಸ್ತಿ ಇರಬಹುದು ಅಷ್ಟೇ. ಇಲ್ಲಿ ಒಟ್ಟು ಲಾಭವನ್ನ ಇವತ್ತಿನ ಪೂರ್ತಿ ಡೈಲ್ಯೂಟೆಡ್ ಶೇರುಗಳಿಂದ, ಅಂದ್ರೆ ಮುಂದೆ ಹುಟ್ಟಬಹುದಾದ ಶೇರುಗಳೂ ಸೇರಿದ ಸಂಖ್ಯೆಯಿಂದ, ಭಾಗಿಸ್ಬೇಕು.

ಅದೇ ಶೇರು ಕೊಟ್ಟು ಹೊಸ ಗಣಿ ಕೊಂಡಿದ್ರೆ ಕಥೆ ಬೇರೆ, ಹಳೇ ಒಟ್ಟು ಲಾಭದಲ್ಲಿ ಆ ಗಣಿಯ ಲಾಭ ಇರಲ್ಲ, ಇವತ್ತಿನ ಶೇರಿನಿಂದ ಭಾಗಿಸಿದ್ರೆ ಅನ್ಯಾಯ ಆಗುತ್ತೆ, ಹಂಗಾಗಿ ಆಗ ಹಳೇ ಇಪಿಎಸ್ ಅಥವಾ ಟನ್ನಿನ ಲೆಕ್ಕವೇ ಸರಿ. ಎರಡೂ ಕಾರಣ ಕಲಸಿದ್ರೆ ಎರಡೂ ಥರ ಮಾಡಿ ಅಂತರ ನೋಡಿ. ಸ್ಪ್ಲಿಟ್, ಬೋನಸ್, ಮತ್ತು ಅಗ್ಗಕ್ಕೆ ಕೊಟ್ಟ ರೈಟ್ಸ್ ಇಶ್ಯೂಗೆ ಹಳೇ ನಂಬರ್ ಹೊಂದಿಸಿದ್ದಾರಾ ಅಂತಾನೂ ನೋಡ್ಕೊಳ್ಳಿ.

## ಹಂತ 6: ಹಣದುಬ್ಬರ ಸೇರಿಸೋದು

ಸೂತ್ರ ಸುಲಭ. ಆ ವರ್ಷದ ಲಾಭ ಗುಣಿಸು ಇವತ್ತಿನ ಸಿಪಿಐ ಭಾಗಿಸು ಆ ವರ್ಷದ ಸಿಪಿಐ. ಲಾಭ ವರ್ಷ ಪೂರ್ತಿ ಬರೋದ್ರಿಂದ ಸಿಪಿಐನೂ ವರ್ಷದ ಸರಾಸರಿಯೇ ಆಗ್ಬೇಕು, ಡಿಸೆಂಬರ್ ನಂಬರ್ ಅಲ್ಲ. ಕಂಪನಿಯ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯೋದಾದ್ರೆ, ಬಿಎಚ್‌ಪಿಯದ್ದು ಹಂಗೇ, ಜುಲೈನಿಂದ ಜೂನ್‌ವರೆಗಿನ ಹನ್ನೆರಡು ತಿಂಗಳ ಸರಾಸರಿ ನೀವೇ ತೆಗೀಬೇಕು.

ಕರೆನ್ಸಿ ಮತ್ತು ಸೂಚ್ಯಂಕ ಒಂದೇ ದೇಶದ್ದಾಗಿರಲಿ. ಡಾಲರ್ ಲಾಭಕ್ಕೆ ಬೇರೆ ದೇಶದ ಹಣದುಬ್ಬರ ಹಾಕೋ ತಪ್ಪು ತುಂಬಾ ನೋಡಿದೀನಿ, ಗಣಿ ಆ ದೇಶದಲ್ಲಿದೆ ಅನ್ನೋ ಕಾರಣಕ್ಕೆ ಹಂಗೆ ಮಾಡ್ತಾರೆ, ಆದ್ರೆ ಗಣಿ ಎಲ್ಲಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ, ಲಾಭದ ನಂಬರ್ ಯಾವ ಕರೆನ್ಸಿಯಲ್ಲಿದೆ ಅನ್ನೋದು ಮುಖ್ಯ. ಕಂಪನಿ ಮಧ್ಯದಲ್ಲಿ ಲೆಕ್ಕದ ಕರೆನ್ಸಿ ಬದಲಿಸಿದ್ರೆ, ಹಳೇ ವರ್ಷಗಳನ್ನ ಆಯಾ ವರ್ಷದ ಸರಾಸರಿ ವಿನಿಮಯ ದರದಲ್ಲಿ ಹೊಸ ಕರೆನ್ಸಿಗೆ ತಂದು ಆಮೇಲೆ ಸಿಪಿಐ ಹಾಕಿ. ಸೂಚ್ಯಂಕದ ಬೇಸ್ ವರ್ಷ ಬದಲಾಗಿದ್ರೆ ಎರಡು ಸರಣಿ ಪಕ್ಕಪಕ್ಕ ಅಂಟಿಸ್ಬೇಡಿ, ಎರಡೂ ಇರೋ ವರ್ಷದಲ್ಲಿ ಅನುಪಾತ ತೆಗೆದು ಜೋಡಿಸಿ.

ಡೀಸೆಲ್, ಟೈರು, ಸ್ಫೋಟಕದ ಬೆಲೆ ಸಿಪಿಐಗಿಂತ ಬೇರೆ ಥರ ಏರುತ್ತಲ್ಲ, ಗಣಿ ಖರ್ಚಿನ ಸೂಚ್ಯಂಕ ಬಳಸ್ಬಾರ್ದಾ ಅಂತ ಕೇಳ್ತಾರೆ. ಬೇಡ. ಆ ಖರ್ಚು ಲಾಭದಲ್ಲಿ ಆಗಲೇ ಕಳೆದುಹೋಗಿದೆ. ನಾವು ಅಳೀತಿರೋದು ಉಳಿದ ಲಾಭದಿಂದ ಶೇರುದಾರ ಏನು ಕೊಳ್ಳಬಹುದು ಅನ್ನೋದನ್ನ.

## ಹಂತ 7: ಕೂಡಿ ಭಾಗಿಸೋದು, ಒಂದು ಉದಾಹರಣೆ

ಕಲ್ಪನೆಯ ಒಂದು ತಾಮ್ರದ ಕಂಪನಿ ತಗೊಳ್ಳೋಣ, ಸಿಪಿಐ ಮಾತ್ರ ನಿಜವಾದದ್ದು. ಅಮೆರಿಕದ ಸಿಪಿಐ-ಯು ವಾರ್ಷಿಕ ಸರಾಸರಿ 2015ರಲ್ಲಿ 237.0, 2024ರಲ್ಲಿ 313.7. ಅಂದ್ರೆ 2015ರ ಒಂದು ಡಾಲರ್ 2024ರ 1.32 ಡಾಲರ್‌ಗೆ ಸಮ. ಮೊದಲ ನಂಬರ್ ವರದಿಯ ಇಪಿಎಸ್, ಎರಡನೇದು ಸಿಪಿಐ, ಮೂರನೇದು 2024ರ ಡಾಲರ್‌ನಲ್ಲಿ ಇಪಿಎಸ್.

2015: -1.80, 237.0, -2.38
2016: 0.20, 240.0, 0.26
2017: 1.40, 245.1, 1.79
2018: 1.90, 251.1, 2.37
2019: 0.70, 255.7, 0.86
2020: 0.90, 258.8, 1.09
2021: 3.60, 271.0, 4.17
2022: 2.80, 292.7, 3.00
2023: 1.90, 304.7, 1.96
2024: 2.00, 313.7, 2.00

ಕೂಡಿದ್ರೆ 15.12, ಸರಾಸರಿ 1.51 ಡಾಲರ್. ಹಣದುಬ್ಬರ ಸೇರಿಸದೇ ಹೋಗಿದ್ರೆ 1.36 ಬರ್ತಿತ್ತು.

ಶೇರಿನ ಬೆಲೆ 27 ಡಾಲರ್ ಅಂತಿಟ್ಕೊಳ್ಳಿ. ಕೊನೇ ವರ್ಷದ ಲಾಭದ ಮೇಲೆ ಪಿಇ 13.5. ಸರಾಸರಿ ಲಾಭದ ಮೇಲೆ ಅನುಪಾತ, ಇದನ್ನೇ ಕೇಪ್ ಅಂತಾರೆ, 17.9. ಈಗ 2015ರ ನಷ್ಟದ ವರ್ಷ ಬಿಟ್ಟು ಒಂಬತ್ತು ವರ್ಷದ ಸರಾಸರಿ ಮಾಡಿದ್ರೆ ಲಾಭ 1.94ಕ್ಕೆ ಏರಿ ಅನುಪಾತ 13.9ಕ್ಕೆ ಇಳಿಯುತ್ತೆ. 2015ರ ನಷ್ಟದಲ್ಲಿ 2.60 ಡಾಲರ್ ಇಂಪೇರ್‌ಮೆಂಟ್ ಇತ್ತು, ಅದನ್ನ ವಾಪಸ್ ಸೇರಿಸಿದ್ರೆ 14.5. ಒಂದೇ ಕಂಪನಿ, ಒಂದೇ ಬೆಲೆ, ಒಂದೇ ವರ್ಷವನ್ನ ಹೆಂಗೆ ನೋಡಿದ್ವಿ ಅನ್ನೋದ್ರ ಮೇಲೆ ಅನುಪಾತ 14ರಿಂದ 18ರವರೆಗೆ ಓಡಾಡ್ತು. ಯಾರಾದ್ರೂ ಮೈನಿಂಗ್ ಶೇರಿನ ಕೇಪ್ ಇಷ್ಟು ಅಂತ ಒಂದೇ ನಂಬರ್ ಹೇಳಿದ್ರೆ ನಷ್ಟದ ವರ್ಷವನ್ನ ಏನು ಮಾಡಿದ್ರಿ ಅಂತ ಮೊದಲು ಕೇಳಿ.

## ಹಂತ 8: ಅನುಪಾತವನ್ನ ಯಾವುದರ ಜೊತೆ ಹೋಲಿಸ್ಬೇಕು

ಇಡೀ ಮಾರ್ಕೆಟ್ಟಿನ ಕೇಪ್ ಜೊತೆ ಹೋಲಿಸಿ ಮೈನಿಂಗ್ ಅಗ್ಗ ಅನ್ನೋದು ತಪ್ಪು. ಸೂಚ್ಯಂಕದೊಳಗಿನ ಕಂಪನಿಗಳ ಲಾಭ ಕಾಲ ಕಳೆದಂಗೆ ಬೆಳೆಯುತ್ತೆ, ಸತ್ತ ಕಂಪನಿ ಹೊರಗೆ ಹೋಗಿ ಹೊಸದು ಒಳಗೆ ಬರುತ್ತೆ. ಗಣಿಗೆ ಆ ಸವಲತ್ತಿಲ್ಲ, ಪ್ರತಿ ವರ್ಷ ತನ್ನ ಆಸ್ತಿಯನ್ನೇ ಅಗೆದು ಮಾರ್ತಾ ಇರುತ್ತೆ.

ಹೋಲಿಸ್ಬೇಕಾಗಿರೋದು ಅದೇ ಕಂಪನಿಯ ಹಳೇ ಕೇಪ್‌ಗಳ ಜೊತೆ, ಮತ್ತು ಅದೇ ಲೋಹದ ಬೇರೆ ಕಂಪನಿಗಳ ಜೊತೆ. ಚಿನ್ನದ ಕಂಪನಿಯನ್ನ ಕಲ್ಲಿದ್ದಲಿನ ಕಂಪನಿ ಜೊತೆ ಹೋಲಿಸ್ಬೇಡಿ.

ಅನುಪಾತ ತಿರುಗಿಸಿದ್ರೆ ಆದಾಯದ ದರ ಸಿಗುತ್ತೆ. 1.51 ಭಾಗಿಸು 27, ಅಂದ್ರೆ 5.6 ಶೇಕಡಾ. ಇದು ಹಣದುಬ್ಬರ ಕಳೆದ ದರ, ಹಂಗಾಗಿ ಇದನ್ನ ಹಣದುಬ್ಬರಕ್ಕೆ ಜೋಡಿಸಿದ ಸರ್ಕಾರಿ ಬಾಂಡಿನ ದರದ ಜೊತೆ ಹೋಲಿಸಿ, ಮಾಮೂಲಿ ಬಾಂಡ್ ಜೊತೆ ಅಲ್ಲ. ಆದ್ರೆ ಬಾಂಡ್ ಕೊನೆಗೆ ಅಸಲು ವಾಪಸ್ ಕೊಡುತ್ತೆ, ಗಣಿ ಕೊನೆಗೆ ಗುಂಡಿ ಮುಚ್ಚೋ ಖರ್ಚು ಕೊಡುತ್ತೆ. ಅದಕ್ಕೇ ಮುಂದಿನ ಹಂತ.

## ಹಂತ 9: ಅದಿರು ಮುಗಿಯೋ ಲೆಕ್ಕ

ರಿಸರ್ವ್ ಅನ್ನ ವರ್ಷದ ಉತ್ಪಾದನೆಯಿಂದ ಭಾಗಿಸಿದ್ರೆ ಎಷ್ಟು ವರ್ಷದ ಅದಿರಿದೆ ಅಂತ ಗೊತ್ತಾಗುತ್ತೆ. ಕೇಪ್ ಲೆಕ್ಕ ಲಾಭ ಶಾಶ್ವತ ಅಂದ್ಕೊಳ್ಳುತ್ತೆ, ಗಣಿ ಶಾಶ್ವತ ಅಲ್ಲ. ಹಣದುಬ್ಬರ ಕಳೆದು ವರ್ಷಕ್ಕೆ 8 ಶೇಕಡಾ ಆದಾಯ ಬೇಕು ಅಂದ್ರೆ, ವರ್ಷಕ್ಕೆ ಒಂದು ಡಾಲರ್ ಕೊಡೋ ಗಣಿಗೆ ಇವತ್ತು ಕೊಡಬಹುದಾದ ಬೆಲೆ ಹೀಗಿದೆ: ಹತ್ತು ವರ್ಷ ಬಾಳೋದಾದ್ರೆ 6.71 ಡಾಲರ್, ಹದಿನೈದಕ್ಕೆ 8.56, ಇಪ್ಪತ್ತಕ್ಕೆ 9.82, ಮೂವತ್ತಕ್ಕೆ 11.26, ಶಾಶ್ವತಕ್ಕೆ 12.5. ಅಂದ್ರೆ ಹತ್ತು ವರ್ಷದ ಗಣಿ ಕೇಪ್ 9ಕ್ಕೆ ಸಿಕ್ತು ಅಂತ ಖುಷಿಪಡೋದು ಬೇಡ, ಮೂವತ್ತು ವರ್ಷದ ಗಣಿಗೆ 11 ಕೊಡೋದೇ ಮೇಲು.

ಇಲ್ಲಿ ಬಡ್ಡಿಗೆ ಮುಂಚಿನ, ತೆರಿಗೆ ಕಳೆದ ಲಾಭದ ಸರಾಸರಿ ತಗೊಳ್ಳಿ, ಅದಕ್ಕೆ ಸವಕಳಿ ಸೇರಿಸಿ, ಗಣಿಯನ್ನ ಇದ್ದ ಹಾಗೆ ನಡೆಸೋಕೆ ಬೇಕಾದ ಬಂಡವಾಳ ಖರ್ಚು ಕಳೀರಿ. ಬೆಲೆ ಬಂದ ಮೇಲೆ ನಿವ್ವಳ ಸಾಲ ಮತ್ತು ಗಣಿ ಮುಚ್ಚೋ ಖರ್ಚಿಗೆ ಅಂತ ಕಂಪನಿ ಲೆಕ್ಕದಲ್ಲಿ ತೆಗೆದಿಟ್ಟ ಪ್ರಾವಿಷನ್ ಕಳೀರಿ. ಬಡ್ಡಿ ಕಳೆದ ಲಾಭ ತಗೊಂಡು ಆಮೇಲೆ ಪೂರ್ತಿ ಸಾಲನೂ ಕಳೆದ್ರೆ ಎರಡು ಸಲ ಕಳೆದಂಗಾಗುತ್ತೆ, ಏನೂ ಕಳೀದೇ ಇದ್ರೆ ಅದಕ್ಕಿಂತ ದೊಡ್ಡ ತಪ್ಪು.

ನಮ್ಮ ಉದಾಹರಣೆಯ ಕಂಪನಿಗೆ ಹೀಗೆ ತೆಗೆದ ವರ್ಷದ ನಗದು ಶೇರಿಗೆ 1.90, ಅದಿರು ಇಪ್ಪತ್ತು ವರ್ಷಕ್ಕೆ, ನಿವ್ವಳ ಸಾಲ ಶೇರಿಗೆ 3, ಮುಚ್ಚೋ ಖರ್ಚು 1 ಅಂದ್ಕೊಳ್ಳಿ. 1.90 ಗುಣಿಸು 9.82 ಅಂದ್ರೆ 18.66, ಅದರಲ್ಲಿ 4 ಕಳೆದ್ರೆ 14.66 ಡಾಲರ್. ಮೂವತ್ತು ವರ್ಷ ಬಾಳುತ್ತೆ ಅಂದ್ರೂ 17.39, ಶಾಶ್ವತ ಅಂದ್ರೂ 19.75. ಮಾರ್ಕೆಟ್ ಬೆಲೆ 27. ಉಲ್ಟಾ ಲೆಕ್ಕ ಮಾಡಿ ನೋಡಿ: 27ಕ್ಕೆ 4 ಸೇರಿಸಿ 9.82ರಿಂದ ಭಾಗಿಸಿದ್ರೆ 3.16, ಅಂದ್ರೆ ಶೇರಿಗೆ ಇಷ್ಟು ನಗದು ಇಪ್ಪತ್ತು ವರ್ಷ ಪ್ರತಿ ವರ್ಷ ಬಂದ್ರೆ ಮಾತ್ರ ಈ ಬೆಲೆಗೆ 8 ಶೇಕಡಾ ಸಿಗುತ್ತೆ. ಪಿಇ 13.5 ಅಂತ ಅಗ್ಗ ಕಾಣ್ತಿದ್ದ ಶೇರು ಇದೇ.

ರಿಸರ್ವ್ ನಂಬರನ್ನೂ ಕುರುಡಾಗಿ ನಂಬೋ ಹಾಗಿಲ್ಲ, ಎರಡೂ ಕಡೆಗೆ ಜಾರುತ್ತೆ. ಡ್ರಿಲ್ಲಿಂಗ್ ದುಬಾರಿ ಆಗಿರೋದ್ರಿಂದ ಎಷ್ಟೋ ಕಂಪನಿಗಳು ಹತ್ತು ಹದಿನೈದು ವರ್ಷದ ರಿಸರ್ವ್ ಮಾತ್ರ ಖಚಿತ ಮಾಡಿ ಇಟ್ಕೊಂಡು ತೆಗೆದಷ್ಟನ್ನ ಮತ್ತೆ ತುಂಬಿಸ್ತಾ ಹೋಗ್ತವೆ, ಹಂಗಾಗಿ ಹತ್ತು ವರ್ಷದ ಹಿಂದೆಯೂ ಹನ್ನೆರಡು ವರ್ಷದ ಅದಿರು ಇವತ್ತೂ ಹನ್ನೆರಡು ವರ್ಷದ ಅದಿರು ಅಂತಿದ್ರೆ ಆಯಸ್ಸು ಸ್ವಲ್ಪ ಹೆಚ್ಚಿಸಿ ಲೆಕ್ಕ ಹಾಕಬಹುದು. ಇನ್ನೊಂದು ಕಡೆ, ರಿಸರ್ವ್ ಅನ್ನೋದು ಒಂದು ಬೆಲೆ ಊಹಿಸಿ ಮಾಡಿದ ಲೆಕ್ಕ. ಕಂಪನಿ ಊಹಿಸಿದ ಲೋಹದ ಬೆಲೆ ಏರಿಸಿದ್ರೆ ಕಲ್ಲು ಅನ್ನಿಸಿಕೊಂಡಿದ್ದೂ ಅದಿರಾಗುತ್ತೆ. ಹೇಳಿಕೆಯ ಅಡಿ ಟಿಪ್ಪಣಿಯಲ್ಲಿ ಆ ಬೆಲೆ ಇರುತ್ತೆ, ಹೋದ ವರ್ಷದ್ದರ ಜೊತೆ ಹೋಲಿಸಿ. ರಿಸೋರ್ಸ್ ಅನ್ನ ರಿಸರ್ವ್ ಥರ ಎಣಿಸ್ಬೇಡಿ.

## ಹಂತ 10: ಲೋಹದ ಬೆಲೆ ಜೊತೆ ತಾಳೆ

ಅವಧಿಯ ಪ್ರತಿ ವರ್ಷದ ಲೋಹದ ಬೆಲೆಗೂ ಅದೇ ಸಿಪಿಐ ಹಾಕಿ ಸರಾಸರಿ ತೆಗೀರಿ, ಇಪ್ಪತ್ತು ವರ್ಷದ ಸರಾಸರಿಯನ್ನೂ ತೆಗೀರಿ. ಹತ್ತು ವರ್ಷದ್ದು ಇಪ್ಪತ್ತು ವರ್ಷದ್ದಕ್ಕಿಂತ ತುಂಬಾ ಮೇಲಿದ್ರೆ ನಿಮ್ಮ ಸರಾಸರಿ ಲಾಭದಲ್ಲಿ ಇನ್ನೂ ಏರುಗಾಲ ಕೂತಿದೆ, ಅವಧಿ ಉದ್ದ ಮಾಡಿ.

ಈ ಹಂತದಲ್ಲಿ ಕೆಲವರು ಸರಾಸರಿ ಬೆಲೆಯಿಂದ ಇವತ್ತಿನ ಖರ್ಚು ಕಳೆದು ಹೊಸ ಲಾಭ ಲೆಕ್ಕ ಹಾಕೋಕೆ ಹೋಗ್ತಾರೆ. ಹುಷಾರು, ಲೋಹದ ಬೆಲೆ ಏರಿದಾಗ ಡೀಸೆಲ್, ಸಂಬಳ, ರಾಯಲ್ಟಿ, ಗಣಿ ಇರೋ ದೇಶದ ಕರೆನ್ಸಿ ಎಲ್ಲ ಜೊತೆಗೇ ಏರೋದುಂಟು, ಬೆಲೆ ಇಳಿದಾಗ ಖರ್ಚೂ ಸ್ವಲ್ಪ ಇಳಿಯುತ್ತೆ. ಸರಾಸರಿ ಬೆಲೆಗೆ ತುದಿಯ ಖರ್ಚು ಜೋಡಿಸಿದ್ರೆ ಲಾಭವೇ ಇಲ್ಲ ಅಂತ ಬರುತ್ತೆ, ತುದಿಯ ಬೆಲೆಗೆ ಸರಾಸರಿ ಖರ್ಚು ಜೋಡಿಸಿದ್ರೆ ಚಿನ್ನದ ಮೊಟ್ಟೆ ಕಾಣುತ್ತೆ. ಚಿನ್ನದ ಕಂಪನಿಗಳಲ್ಲಿ 2013ರಿಂದ ಬಂದ ಎಐಎಸ್‌ಸಿ ಅನ್ನೋ ಔನ್ಸಿನ ಪೂರ್ತಿ ಖರ್ಚಿನ ನಂಬರ್ ಸಿಗುತ್ತೆ, ಉಪಯೋಗಕ್ಕೆ ಬರುತ್ತೆ, ಆದ್ರೆ ಅದರಲ್ಲಿ ಬಡ್ಡಿ ಮತ್ತು ಆದಾಯ ತೆರಿಗೆ ಇರಲ್ಲ.

## ಕೊಳ್ಳೋ ಮೊದಲು ನೋಡ್ಬೇಕಾದ ಅಪಾಯದ ಗುರುತುಗಳು

ಹತ್ತು ವರ್ಷದ ಒಟ್ಟು ಲಾಭದ ಅರ್ಧಕ್ಕಿಂತ ಜಾಸ್ತಿ ಎರಡೇ ವರ್ಷದಿಂದ ಬಂದಿದ್ರೆ ಸರಾಸರಿಯ ಮೇಲೆ ಭಾರ ಹಾಕ್ಬೇಡಿ, ಪಕ್ಕದಲ್ಲಿ ಮೀಡಿಯನ್, ಅಂದ್ರೆ ಕ್ರಮವಾಗಿ ಜೋಡಿಸಿದಾಗ ನಡುವೆ ಬರೋ ನಂಬರ್, ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ 2021 ಮತ್ತು 2022 ಸೇರಿ 7.17, ಒಟ್ಟಿನ ಅರ್ಧಕ್ಕೆ ಹತ್ರ ಬಂದಿದೆ, ಅದೂ ಒಂದು ಎಚ್ಚರಿಕೆಯೇ.

ಈಗ ಗಿರಣಿಗೆ ಹೋಗ್ತಿರೋ ಅದಿರಿನ ಗ್ರೇಡ್ (ಅದಿರಲ್ಲಿ ಲೋಹ ಎಷ್ಟಿದೆ ಅನ್ನೋ ಪ್ರಮಾಣ), ರಿಸರ್ವ್‌ನ ಸರಾಸರಿ ಗ್ರೇಡಿಗಿಂತ ಮೇಲಿದ್ರೆ ಒಳ್ಳೇ ಅದಿರನ್ನ ಮೊದಲು ತೆಗೀತಿದ್ದಾರೆ ಅಂತ ಅರ್ಥ. ಅಂಥ ಕಡೆ ಹಳೇ ಲಾಭದ ಸರಾಸರಿ ಮುಂದಿನದ್ದಕ್ಕಿಂತ ಜಾಸ್ತಿ ತೋರಿಸುತ್ತೆ, ಒಂದು ಟನ್ ಕಲ್ಲು ಒಡೆಯೋ ಖರ್ಚು ಅಷ್ಟೇ ಇರುತ್ತೆ, ಸಿಗೋ ಲೋಹ ಕಮ್ಮಿ ಆಗುತ್ತೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಗಂಭೀರವಾದ ಗುರುತು, ಯಾಕಂದ್ರೆ ಲಾಭದ ಲೆಕ್ಕದಲ್ಲಿ ಎಲ್ಲೂ ಕಾಣಲ್ಲ.

ಪ್ರತಿ ತಳದಲ್ಲೂ ಇಂಪೇರ್‌ಮೆಂಟ್, ಪ್ರತಿ ತುದಿಯಲ್ಲೂ ದೊಡ್ಡ ಖರೀದಿ ಕಂಡ್ರೆ ದೂರ ಇರಿ. ಹತ್ತು ವರ್ಷದಲ್ಲಿ ಶೇರು ದುಪ್ಪಟ್ಟಾಗಿ ಉತ್ಪಾದನೆ ಅಷ್ಟೇ ಇದ್ರೆ ಅದೂ ಅಷ್ಟೇ. ತಳದ ವರ್ಷದ ಲಾಭದಲ್ಲಿ ಬಡ್ಡಿ ಕಟ್ಟೋಕಾಗಲ್ಲ ಅಂದ್ರೆ ಸರಾಸರಿ ಎಷ್ಟೇ ಚೆನ್ನಾಗಿರಲಿ, ಆ ಸರಾಸರಿ ತಲುಪೋವರೆಗೂ ಕಂಪನಿ ಉಳಿಯುತ್ತಾ, ಉಳಿದ್ರೂ ಶೇರು ನಿಮ್ಮ ಕೈಯಲ್ಲೇ ಇಷ್ಟೇ ಪಾಲಾಗಿ ಉಳಿಯುತ್ತಾ ಅಂತ ಕೇಳ್ಕೊಳ್ಳಿ. ಗಣಿ ಇರೋ ದೇಶದಲ್ಲಿ ರಾಯಲ್ಟಿ ಅಥವಾ ಗಣಿ ತೆರಿಗೆ ಕಾನೂನು ಬದಲಾಗಿದ್ರೆ, ಹಳೇ ವರ್ಷಗಳ ಲಾಭಕ್ಕೂ ಹೊಸ ದರ ಹಾಕಿ ಮತ್ತೆ ಲೆಕ್ಕ ಮಾಡಿ, ಹಳೇ ದರದ ಲಾಭ ನಿಮಗೆ ಸಿಗಲ್ಲ.

## ಯಾವಾಗ ಮತ್ತೆ ಮಾಡ್ಬೇಕು

ವರ್ಷಕ್ಕೊಂದು ಸಲ, ವಾರ್ಷಿಕ ವರದಿ ಮತ್ತು ಹೊಸ ರಿಸರ್ವ್ ಹೇಳಿಕೆ ಎರಡೂ ಬಂದ ಮೇಲೆ. ತ್ರೈಮಾಸಿಕ ಲಾಭ ಬಂದ ಕೂಡ್ಲೇ ಬದಲಿಸೋಕೆ ಹೋಗ್ಬೇಡಿ, ಹತ್ತು ವರ್ಷದ ಲೆಕ್ಕಕ್ಕೆ ಮೂರು ತಿಂಗಳು ಏನೂ ಅಲ್ಲ. ಹೊಸ ವರ್ಷ ಸೇರಿಸುವಾಗ ಹಳೇ ವರ್ಷ ಒಂದು ಬಿದ್ದುಹೋಗುತ್ತಲ್ಲ, ಆ ಬಿದ್ದುಹೋಗೋ ವರ್ಷ ಯಾವುದು ಅಂತ ನೋಡಿ. ನಮ್ಮ ಕಂಪನಿಯಲ್ಲಿ 2025 ಸೇರಿ 2015 ಹೊರಗೆ ಹೋದ ಕೂಡ್ಲೇ, ಗಣಿಯಲ್ಲಿ ಏನೂ ಬದಲಾಗದೇನೇ ಸರಾಸರಿ ಮೇಲಕ್ಕೆ ಹಾರುತ್ತೆ, ಕೇಪ್ ಇಳಿದು ಶೇರು ಅಗ್ಗ ಆದಂಗೆ ಕಾಣುತ್ತೆ. ಆಗ ಹಂತ 1ಕ್ಕೆ ವಾಪಸ್ ಹೋಗಿ, ತಳದ ವರ್ಷ ಒಳಗೇ ಉಳಿಯೋ ಹಾಗೆ ಅವಧಿಯನ್ನ ಹನ್ನೊಂದು ವರ್ಷ ಮಾಡಿ, ಮತ್ತೊಂದು ತಳ ಬರೋವರೆಗೂ ಹಂಗೇ ಉದ್ದ ಮಾಡ್ತಾ ಹೋಗಿ.